ಯಾವ ಸಾಲಿನಲ್ಲಿದೆ, ತೋರಿಸು

ಚಿತ್ರದುರ್ಗ ಜಿಲ್ಲೆಯ ಶಾಲಾ ಶಿಕ್ಷಣದ ಹೊಣೆ ಹೊತ್ತಿರುವ ಅಧಿಕಾರಿಗಳಿಗೆ, ಹಾಗೂ ಪ್ರೌಢಶಾಲೆಗಳಲ್ಲಿ ಕನ್ನಡ ಬೋಧಿಸುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳಿಗೆ,

ಮಾನ್ಯರೇ,

ಹೋದ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಚಳ್ಳಕೆರೆ ಕಡೆಯ ಹಳ್ಳಿಯವನು, ಶೇಂಗಾ ಬೆಳೆಯುವ ಮನೆತನ, ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125ಕ್ಕೆ 118 ಅಂಕ ತೆಗೆದಿದ್ದ ಹುಡುಗ. ಕೈಯಲ್ಲಿ ಒಂದು ನೋಟೀಸು, ಅದರ ಜೊತೆಗೆ ಮೂರು ವರ್ಷದ ಹಿಂದೆ ತಾನೇ ಸಹಿ ಹಾಕಿದ್ದ ಪತ್ರದ ಜೆರಾಕ್ಸ್ ಪ್ರತಿ. ಚಿಕ್ಕಪ್ಪನ ಮಗ ಟ್ರ್ಯಾಕ್ಟರಿಗೆ ಸಾಲ ತೆಗೆದಾಗ ಇವನು ಜಾಮೀನು ನಿಂತಿದ್ದ. ಅವನು ಕಂತು ಕಟ್ಟುವುದನ್ನು ನಿಲ್ಲಿಸಿದ್ದ. ಸಾಲ ಕೊಟ್ಟವರು ಈಗ ಇವನ ಬೆನ್ನು ಹತ್ತಿದ್ದರು. ಪತ್ರ ಇಂಗ್ಲಿಷಿನಲ್ಲಿದ್ದೀತು, ಪಾಪ ತಿಳಿದಿರಲಿಕ್ಕಿಲ್ಲ ಎಂದುಕೊಂಡು ಕನ್ನಡಕ ಏರಿಸಿ ನೋಡಿದರೆ ಅದು ಅಚ್ಚ ಕನ್ನಡದಲ್ಲೇ ಇತ್ತು: ಸಾಲಗಾರನು ಕಂತು ತಪ್ಪಿಸಿದಲ್ಲಿ ಜಾಮೀನುದಾರನು ಸಾಲಗಾರನಷ್ಟೇ ಹೊಣೆಗಾರನಾಗಿರತಕ್ಕದ್ದು. ‘ಇದನ್ನು ಓದಿರಲಿಲ್ಲವೇನಪ್ಪಾ?’ ಎಂದೆ. ‘ಓದಿದ್ದೆ ಸಾರ್, ಪೂರ್ತಿ ಓದಿದ್ದೆ. ಆದ್ರೆ ಜಾಮೀನುದಾರ ಅಂದ್ರೆ ನಾನೇ ಅಂತ ತಲೆಗೆ ಹೋಗಲಿಲ್ಲ’ ಎಂದ.

ಆ ಷರತ್ತಿನಲ್ಲಿ ಕಳ್ಳತನವೇನೂ ಇಲ್ಲ. 1872ರ ಕರಾರು ಕಾಯಿದೆಯ 128ನೆಯ ಕಲಮು ಹೇಳುವುದೂ ಅದನ್ನೇ: ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಹಾಗಾಗಿ ಸಾಲ ಕೊಟ್ಟವರನ್ನು ದೂರುವಂತಿಲ್ಲ. ದೂರುವುದಾದರೆ ನನ್ನನ್ನು ದೂರಬೇಕು, ಏಕೆಂದರೆ ಅವನಿಗೆ 118 ಅಂಕ ಬರುವಂತೆ ತಯಾರು ಮಾಡಿದವನು ನಾನು. ಇಪ್ಪತ್ತೆಂಟು ವರ್ಷ ಈ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾಗಿರುವ ನಾನು, ಹೀಗೆ ಓದಿಯೂ ಓದದವರನ್ನು ಎಷ್ಟು ಮಂದಿಯನ್ನು ಹೊರಗೆ ಕಳಿಸಿದ್ದೇನೋ ಎಂಬ ಚಿಂತೆ ಅಂದಿನಿಂದ ಹತ್ತಿಕೊಂಡಿದೆ. ಅದಕ್ಕಾಗಿ ಈ ಪತ್ರ.

ತಯಾರಿ ಎಂದರೆ ಏನು ಎಂಬುದು ನನ್ನ ಸಹೋದ್ಯೋಗಿಗಳಿಗೆ ಗೊತ್ತಿರುವುದೇ, ಆದರೂ ಒಮ್ಮೆ ಬರೆದು ನೋಡೋಣ. ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಮಗು ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ಉಪಶೀರ್ಷಿಕೆ ಹಾಕಿ ಅಡಿಗೆರೆ ಎಳೆಯಬೇಕು. ‘ಈ ವಾಕ್ಯವನ್ನು ಇಂಥವರು ಬರೆದಿರುವ ಇಂಥ ಪಾಠದಿಂದ ಆರಿಸಿಕೊಳ್ಳಲಾಗಿದೆ’ ಎಂಬಲ್ಲಿಗೆ ಆಯ್ಕೆ ಮುಗಿಯಿತು. ಯಾರು ಯಾರಿಗೆ ಯಾವಾಗ ಹೇಳಿದರು ಎಂದು ಬರೆದರೆ ಸಂದರ್ಭ ಮುಗಿಯಿತು. ಇನ್ನು ಸ್ವಾರಸ್ಯ. ಹೆಸರೇ ಹೇಳುವಂತೆ ಓದಿದವನಿಗೆ ಆ ಮಾತಿನಲ್ಲಿ ಯಾವ ರಸ ಸಿಕ್ಕಿತು ಎಂದು ಕೇಳುವ, ಇಡೀ ಪ್ರಶ್ನೆಪತ್ರಿಕೆಯಲ್ಲೇ ನಿಜವಾದ ಓದಿಗೆ ಬಾಗಿಲು ತೆರೆದಿರುವ ಜಾಗ ಅದು. ಅಲ್ಲಿ ನಾವು ಮಕ್ಕಳಿಂದ ಬರೆಸುವುದು ಏನು? ‘ಈ ಮಾತು ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ.’ ಮೌಲ್ಯಮಾಪನ ಕೇಂದ್ರದಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತು ಈ ಒಂದು ವಾಕ್ಯಕ್ಕೆ ನಾನು ಹಾಕಿರುವ ಕೆಂಪು ಗುರುತುಗಳನ್ನು ಜೋಡಿಸಿದರೆ ಚಳ್ಳಕೆರೆಯಿಂದ ದುರ್ಗದವರೆಗೆ ರಸ್ತೆಗೆ ಪಟ್ಟೆ ಬಳಿಯಬಹುದು.

ಗದ್ಯಾಂಶ ಕೊಟ್ಟು ಪ್ರಶ್ನೆ ಕೇಳುವುದೂ ಉಂಟಲ್ಲ, ಅದು ಮಗು ಹಿಂದೆ ಕಾಣದ ಪುಟವಲ್ಲವೇ ಎಂದು ನೀವು ಕೇಳಬಹುದು. ಹೌದು. ಆದರೆ ಅದಕ್ಕೂ ನಮ್ಮ ಬಳಿ ಉಪಾಯವಿದೆ, ಅದನ್ನು ನಾನೇ ಹೇಳಿಕೊಟ್ಟಿದ್ದೇನೆ: ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು, ಆ ವಾಕ್ಯವನ್ನೂ ಅದರ ಮುಂದಿನದನ್ನೂ ಇಳಿಸು. ಗದ್ಯದ ಅರ್ಥ ಕಿಂಚಿತ್ತೂ ಆಗದೆ ಪೂರ್ಣ ಅಂಕ ಪಡೆದ ಮಕ್ಕಳನ್ನು ನಾನು ಬಲ್ಲೆ. ಅವರ ಜಾಣತನವನ್ನು ಮೆಚ್ಚಲೇಬೇಕು. ಆದರೆ ಅದು ತೂತು ಹುಡುಕುವ ಜಾಣತನ.

ಗಾದೆ ವಿಸ್ತರಣೆಯ ಕಥೆ ಇನ್ನೂ ಸೊಗಸು. ಗಾದೆ ಯಾವುದೆಂದು ನೋಡುವ ಮೊದಲೇ ಉತ್ತರದ ಮೊದಲ ನಾಲ್ಕು ಸಾಲು ಸಿದ್ಧವಾಗಿರುತ್ತದೆ: ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದೂ ನಮ್ಮ ಗಾದೆ, ‘ಹಣೆಬರಹಕ್ಕೆ ಹೊಣೆ ಯಾರು’ ಎಂಬುದೂ ನಮ್ಮದೇ. ಎರಡೂ ಸುಳ್ಳಾಗದಿರುವುದು ಹೇಗೆಂದು ನಾನಾಗಲಿ ಮಕ್ಕಳಾಗಲಿ ಒಂದು ದಿನವೂ ನಿಂತು ಕೇಳಲಿಲ್ಲ. ಕೇಳಿದವನು ಒಬ್ಬನೇ ಒಬ್ಬ. ಒಂಬತ್ತನೆಯ ತರಗತಿಯ ರೂಪಣಾತ್ಮಕ ಮೌಲ್ಯಮಾಪನದಲ್ಲಿ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಕೊಟ್ಟಿದ್ದೆ. ಕೂಲಿ ಮಾಡುವವರ ಮನೆಯ ಹುಡುಗ, ಅಕ್ಷರ ಕೋಳಿ ಕೆದರಿದ ಹಾಗೆ. ಉಳಿದೆಲ್ಲರೂ ಮಿತವ್ಯಯದ ಮಹಿಮೆ ಬರೆದಿದ್ದರೆ ಇವನು ಎರಡೇ ಸಾಲು ಬರೆದಿದ್ದ: ‘ಈ ಮಾತನ್ನು ದೊಡ್ಡ ಹಾಸಿಗೆ ಇರುವವರು ಹೇಳುತ್ತಾರೆ. ಹಾಸಿಗೆಯನ್ನು ಉದ್ದ ಮಾಡಿಕೊ ಎಂದು ಯಾರೂ ಹೇಳುವುದಿಲ್ಲ.’ ನಾನು ಅರ್ಧ ಅಂಕ ಕೊಟ್ಟೆ. ಅದೂ ಕೈಬರಹ ಸುಧಾರಿಸಲಿ ಎಂದು.

ಈಗ ಯೋಚಿಸಿದರೆ, ಮಾತು ಯಾರ ಬಾಯಿಂದ ಬರುತ್ತಿದೆ, ಯಾರ ಕಿವಿಗೆ ಹೋಗುತ್ತಿದೆ, ಅದರಿಂದ ಯಾರಿಗೆ ಅನುಕೂಲ ಎಂದು ಕೇಳುವುದನ್ನು ಯಾರೂ ಹೇಳಿಕೊಡದೆ ಆ ಹುಡುಗ ಕಲಿತಿದ್ದ. ಇದನ್ನೇ ವಿಮರ್ಶಾತ್ಮಕ ಓದು ಎಂದು ತರಬೇತಿಗಳಲ್ಲಿ ಪರದೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ತೋರಿಸುತ್ತಾರೆ. ತೋರಿಸಿದ್ದನ್ನು ನಾವೂ ನೋಟ್‌ಪುಸ್ತಕಕ್ಕೆ ಇಳಿಸಿಕೊಂಡು ಊಟಕ್ಕೆ ಏಳುತ್ತೇವೆ.

ನನಗೆ ಈ ಓದಿನ ಮೊದಲ ಪಾಠ ಸಿಕ್ಕಿದ್ದು ಶಾಲೆಯಲ್ಲಲ್ಲ. ನಮ್ಮ ತಂದೆ ತಾಲ್ಲೂಕು ಕಚೇರಿಯ ಹುಣಸೆಮರದ ಕೆಳಗೆ ಕೂತು ಪತ್ರ ಬರೆಯುತ್ತಿದ್ದರು. ಕ್ರಯಪತ್ರ, ಭೋಗ್ಯಪತ್ರ, ಪಾಲುಪಾರಿಕತ್ತು, ಎಲ್ಲದರ ಕೊನೆಯಲ್ಲೂ ‘ಓದಿಸಿ ಕೇಳಿ ಒಪ್ಪಿ ಹಾಕಿದ ಹೆಬ್ಬೆಟ್ಟಿನ ಗುರುತು’ ಎಂಬ ಮಾತು ಇದ್ದೇ ಇರುತ್ತಿತ್ತು. ಬೇರೆಯವರಿಗೆ ಅದು ಬರೆಯುವ ಮಾತು. ಅಪ್ಪನಿಗೆ ಮಾಡುವ ಕೆಲಸ. ಓದು ಬಾರದವರ ತೋರುಬೆರಳನ್ನು ಹಿಡಿದು ಸಾಲಿನ ಕೆಳಗೆ ಸರಿಸುತ್ತಾ ಓದಿ ಹೇಳಿ, ಆಮೇಲೆ ‘ಈಗ ನೀವು ಹೇಳಿ, ಏನು ಬರೆದಿದೆ?’ ಎಂದು ಕೇಳುತ್ತಿದ್ದರು. ಒಮ್ಮೆ ಬೇರೆ ಯಾರೋ ಬರೆದುಕೊಟ್ಟಿದ್ದ ಪತ್ರವನ್ನು ಒಬ್ಬ ಮುದುಕಿ ತಂದು, ‘ಎರಡು ವರ್ಷಕ್ಕೆ ಹೊಲ ಭೋಗ್ಯಕ್ಕೆ ಹಾಕ್ತಿದೀನಿ ಸ್ವಾಮಿ, ಸರಿ ಐತಾ ನೋಡ್ರಿ’ ಎಂದಳು. ಅಪ್ಪ ಓದುತ್ತಾ ಓದುತ್ತಾ ಒಂದು ಕಡೆ ನಿಂತರು. ಅಲ್ಲಿ ‘ಶುದ್ಧ ಕ್ರಯಕ್ಕೆ ಕೊಟ್ಟು’ ಎಂದಿತ್ತು. ಭೋಗ್ಯವಾದರೆ ಹಣ ತೀರಿಸಿದ ದಿನ ಹೊಲ ಮರಳಿ ಬರುತ್ತದೆ. ಶುದ್ಧ ಕ್ರಯವಾದರೆ ಹೊಲ ಹೋಯಿತೆಂದೇ ಲೆಕ್ಕ. ಅಪ್ಪ ಅವಳ ಬೆರಳನ್ನು ಆ ಎರಡು ಪದಗಳ ಮೇಲೆ ಒತ್ತಿ ಹಿಡಿದು, ‘ಅವ್ವಾ, ಇಲ್ಲಿ ನೋಡು, ಇಲ್ಲಿ’ ಎಂದರು. ಅವಳಿಗೆ ಅಕ್ಷರ ಕಾಣಿಸದಿದ್ದರೂ ಜಾಗ ಕಾಣಿಸಿತು.

ಬೆರಳಿಟ್ಟು ಓದುವುದು ಎಂದು ನಾನು ಹೇಳುವುದು ಇದನ್ನೇ. ಇದಕ್ಕೆ ದೊಡ್ಡ ಹೆಸರು ಬೇಡ. ‘ನೀನು ಹೀಗೆ ಹೇಳುತ್ತಿದ್ದೀಯಲ್ಲ, ಅದು ಯಾವ ಸಾಲಿನಲ್ಲಿದೆ, ತೋರಿಸು’ ಎಂಬ ಒಂದು ಪ್ರಶ್ನೆಯನ್ನು ತರಗತಿಯಲ್ಲಿ ರೂಢಿಗೆ ತಂದರೆ ಅರ್ಧ ಕೆಲಸ ಆದಂತೆ. ಇನ್ನರ್ಧ ಕೆಲಸಕ್ಕೆ, ತೋರಿಸಿದ ಸಾಲನ್ನು ಬರೆದವರು ಯಾರು, ಅವರಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬೇಕು.

ಸೇವೆಯ ಕೊನೆಯ ವರ್ಷಗಳಲ್ಲಿ, ತಡವಾಗಿಯಾದರೂ, ಇದನ್ನು ಮಾಡಿ ನೋಡುವ ಅವಕಾಶ ನನಗೆ ಸಿಕ್ಕಿತು. ಒಂಬತ್ತನೆಯ ತರಗತಿಯವರನ್ನು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದೆವು. ಊರಿನವರು ಅಕ್ಷರಗುಂಡು ಎಂದು ಕರೆಯುವ, ಅಶೋಕನ ಶಾಸನವಿರುವ ಅಲ್ಲಿನ ಬಂಡೆಯನ್ನು ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಗುರುತಿಸಿದರು. ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಬಗೆಯ ಶಾಸನಗಳಿವೆ. ಶಾಸನದ ಪ್ರಾಕೃತ ಪಾಠವನ್ನು ಕನ್ನಡ ಲಿಪಿಯಲ್ಲಿ ಬರೆಸಿ, ಕೆಳಗೆ ಅನುವಾದವನ್ನೂ ಹಾಕಿ ಮಕ್ಕಳಿಗೆ ಒಂದೊಂದು ಹಾಳೆ ಹಂಚಿದೆ. ನಾನೇನೂ ಹೇಳುವುದಿಲ್ಲ, ಅರ್ಧ ಗಂಟೆ ನೀವೇ ಓದಿ, ಕಂಡದ್ದನ್ನು ಹೇಳಿ ಎಂದೆ. ಮೊದಲ ಹತ್ತು ನಿಮಿಷ ಕಡಲೆಕಾಯಿ ಬಿಡಿಸುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಆಮೇಲೆ ಒಬ್ಬಳು ಎದ್ದು, ‘ಸಾರ್, ಇಲ್ಲಿ ಆರೋಗಿಯಂ ಅಂತ ಇದೆ, ಆರೋಗ್ಯನಾ?’ ಎಂದಳು. ಹೌದು, ಅದೇ. ಸುವರ್ಣಗಿರಿಯಿಂದ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ಇಸಿಲ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ ಹೀಗೆ ಹೇಳತಕ್ಕದ್ದು ಎಂದೇ ಆ ಶಾಸನ ಶುರುವಾಗುವುದು. ‘ಹಂಗಾದ್ರೆ ಇದು ಕಾಗದ ಸಾರ್! ಕ್ಷೇಮ, ಕ್ಷೇಮಕ್ಕೆ ಅಂತ ನಮ್ಮಜ್ಜಿ ಬರೆಸ್ತಾರಲ್ಲ ಹಂಗೆ’ ಎಂದು ಹಿಂದಿನ ಸಾಲಿನ ಹುಡುಗ ಕೂಗಿದ. ಆಜ್ಞೆಯೆಂದು ನಾನು ಇಪ್ಪತ್ತು ವರ್ಷ ಹೇಳಿಕೊಂಡು ಬಂದಿದ್ದ ಬರಹದ ನೆತ್ತಿಯ ಮೇಲೆ, ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಕಾಗದದ ಒಕ್ಕಣೆ ಇರುವುದನ್ನು ನಾನು ಗಮನಿಸಿರಲಿಲ್ಲ. ಇಲಾಖೆಯ ಸುತ್ತೋಲೆಗಳಲ್ಲಿ ನಮ್ಮ ಆರೋಗ್ಯವನ್ನು ಯಾರೂ ವಿಚಾರಿಸುವುದಿಲ್ಲವಾದ್ದರಿಂದ ಹೊಳೆಯದೆ ಹೋಯಿತೋ ಏನೋ.

ಆದರೆ ಅಂದಿನ ದೊಡ್ಡ ಪ್ರಶ್ನೆ ಬಂದದ್ದು ಕೊನೆಯಲ್ಲಿ. ‘ಸಾರ್, ಅಶೋಕ ಅನ್ನೋ ಹೆಸರು ಎಲ್ಲೈತೆ?’ ಮಕ್ಕಳೆಲ್ಲ ಹಾಳೆಯ ಮೇಲೆ ಬೆರಳಾಡಿಸಿದರು. ಇಲ್ಲ. ದೇವಾಣಂಪಿಯ ಎಂದಿದೆ, ದೇವರಿಗೆ ಪ್ರಿಯನಾದವನು ಎಂದಷ್ಟೇ. ಹೆಸರಿಲ್ಲ. ಹಾಗಾದರೆ ಇದು ಅಶೋಕನ ಶಾಸನ ಎಂದು ನಮ್ಮ ಪುಸ್ತಕ ಯಾವ ಧೈರ್ಯದ ಮೇಲೆ ಹೇಳುತ್ತದೆ? ಈ ಪ್ರಶ್ನೆಗೆ ಉತ್ತರವಿದೆ, ಆದರೆ ಅದು ಬ್ರಹ್ಮಗಿರಿಯಲ್ಲಿಲ್ಲ; ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ. 1915ರಲ್ಲಿ ಅಲ್ಲಿ ಸಿಕ್ಕಿದ ಇದೇ ಬಗೆಯ ಶಾಸನದಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ಇತ್ತು. ಬರಹವೊಂದು ತನ್ನೊಳಗೆ ಹೇಳದೆ ಬಿಟ್ಟದ್ದನ್ನು ಇನ್ನೊಂದು ಬರಹದ ಪಕ್ಕದಲ್ಲಿಟ್ಟು ತಿಳಿಯಬೇಕಾಗುತ್ತದೆ ಎಂಬುದನ್ನು ಆ ಮಧ್ಯಾಹ್ನ ಬಂಡೆಯ ನೆರಳಿನಲ್ಲಿ ಮಕ್ಕಳು ತಾವಾಗಿ ಕಂಡುಕೊಂಡರು. ಬರೆದವನ ಹೆಸರು ಮಾತ್ರ ಅಲ್ಲಿದೆ: ಚಪಡ. ಅವನು ‘ಲಿಪಿಕಾರನಿಂದ’ ಎಂಬ ಪದವೊಂದನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿ ದೂರದ ವಾಯವ್ಯ ಸೀಮೆಯದು. ಚಕ್ರವರ್ತಿಯ ಹೆಸರಿಲ್ಲದ ಕಡೆ ಗುಮಾಸ್ತನ ಹೆಸರು ಉಳಿದಿರುವುದು ಮಕ್ಕಳಿಗೆ ಬಹಳ ಹಿಡಿಸಿತು. ಬಸ್ಸಿನಲ್ಲಿ ವಾಪಸು ಬರುವಾಗ ಇಡೀ ದಾರಿ ಚಪಡನ ಊರು ಯಾವುದಿರಬಹುದು ಎಂಬ ಜಗಳ.

ಇಷ್ಟು ದೂರವೂ ಹೋಗಬೇಕಾಗಿಲ್ಲ. ಚಿತ್ರದುರ್ಗ ನಗರದ ಮಗ್ಗುಲಲ್ಲೇ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮನ ಕೆರೆಯ ಶಾಸನವಿದೆ, ಒಟ್ಟು ಮೂರೇ ಸಾಲು. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು 1929ರಲ್ಲಿ ಅದನ್ನು ಓದಿ ಪ್ರಕಟಿಸಿದರು. ಅದರಲ್ಲಿ ಬರುವ ರಾಜ್ಯಗಳ ಹೆಸರುಗಳ ಬಗ್ಗೆ ಆಮೇಲಿನ ವಿದ್ವಾಂಸರು ಬೇರೆ ಓದು ಮುಂದಿಟ್ಟರು. ಅಕ್ಷರ ಸವೆದಿರುವ ಮೂರು ಸಾಲಿಗೆ ಇಷ್ಟು ಮಂದಿ ಇಷ್ಟು ವರ್ಷ ಕಣ್ಣು ಸವೆಸಿರುವಾಗ, ನಾವು ಇಪ್ಪತ್ತು ಪುಟದ ಪಾಠವನ್ನು ಎರಡು ಪಿರಿಯಡ್ಡಿನಲ್ಲಿ ಮುಗಿಸಿ ಡೈರಿಗೆ ಸಹಿ ಹಾಕುತ್ತೇವೆ.

ಇದೆಲ್ಲ ಕೇಳಲು ಚೆನ್ನಾಗಿದೆ. ಈಗ ನನ್ನ ತಪ್ಪಿನ ಕಥೆಯನ್ನೂ ಹೇಳಬೇಕು. ಅದು ಬ್ರಹ್ಮಗಿರಿಗೆ ಬಹಳ ವರ್ಷ ಹಿಂದಿನ ಮಾತು. ಎಂಟನೆಯ ತರಗತಿಯನ್ನು ಕೋಟೆಗೆ ಕರೆದೊಯ್ದು ಓಬವ್ವನ ಕಿಂಡಿಯ ಮುಂದೆ ನಿಲ್ಲಿಸಿ, ನನ್ನ ಕಂಠದ ಬಗ್ಗೆ ನನಗೇ ಇದ್ದ ಅಭಿಮಾನದಿಂದ, ಹೈದರಾಲಿಯ ಸೈನಿಕರು ನುಸುಳಿ ಬಂದದ್ದನ್ನೂ, ಕಾವಲಿನ ಮುದ್ದಹನುಮಪ್ಪ ಊಟಕ್ಕೆ ಹೋಗಿದ್ದುದನ್ನೂ, ನೀರಿಗೆ ಬಂದ ಓಬವ್ವ ಒನಕೆ ಹಿಡಿದು ನಿಂತದ್ದನ್ನೂ ಮೈಯುಬ್ಬಿ ಹೇಳುತ್ತಿದ್ದೆ. ಒಬ್ಬ ಹುಡುಗಿ, ಮೆತ್ತಗೆ, ‘ಸಾರ್, ಗಂಡ ಊಟ ಮಾಡ್ತಿದ್ದ, ಸೈನಿಕರೆಲ್ಲ ಸತ್ರು, ಓಬವ್ವನೂ ಸತ್ಲು. ಮತ್ತೆ ಇಲ್ಲಿ ಆಗಿದ್ದನ್ನ ನೋಡಿ ಹೇಳಿದೋರು ಯಾರು?’ ಎಂದು ಕೇಳಿದಳು. ‘ಓಬವ್ವನ ನೆಲದಲ್ಲಿ ನಿಂತು ಇಂಥ ಪ್ರಶ್ನೆ ಕೇಳ್ತೀಯಾ?’ ಎಂದು ಎಲ್ಲರೆದುರು ಗದರಿದೆ. ಆ ವರ್ಷ ಪೂರ್ತಿ ಅವಳು ಮತ್ತೆ ಬಾಯಿ ಬಿಡಲಿಲ್ಲ.

ಆ ಪ್ರಶ್ನೆಯಿಂದ ಓಬವ್ವನಿಗೆ ಏನೂ ಕಡಿಮೆಯಾಗುತ್ತಿರಲಿಲ್ಲ. ಅದನ್ನು ಹಿಡಿದುಕೊಂಡೇ, ಓಬವ್ವನ ಕಥೆಯನ್ನು ನಿಮ್ಮ ಮನೆಯಲ್ಲಿ ಯಾರು ಹೇಗೆ ಹೇಳುತ್ತಾರೆ ಕೇಳಿಕೊಂಡು ಬನ್ನಿ ಎಂದು ನಾನು ಹೇಳಬಹುದಾಗಿತ್ತು. ಶತ್ರುವೊಬ್ಬ ಹಿಂದಿನಿಂದ ಬಂದು ಕೊಂದನೆಂದು ಕೆಲವರು ಹೇಳುತ್ತಾರೆ, ಹೋರಾಟದ ಆಘಾತಕ್ಕೇ ಪ್ರಾಣ ಬಿಟ್ಟಳೆಂದು ಕೆಲವರು. ಎಲ್ಲ ಹೇಳಿಕೆಗಳಲ್ಲೂ ಬದಲಾಗದೆ ಉಳಿಯುವುದು ಯಾವುದು? ಕಿಂಡಿ, ಒನಕೆ, ಒಬ್ಬಂಟಿ ಹೆಂಗಸು. ಅರಮನೆಯ ಕತ್ತಿಯಲ್ಲದೆ ಅಡುಗೆಮನೆಯ ಒನಕೆಯೇ ನೆನಪಿನಲ್ಲಿ ಉಳಿದದ್ದು ಏಕೆ? ಬರಹಕ್ಕೆ ಇಳಿಯುವ ಮೊದಲು ಇದನ್ನು ಎಷ್ಟು ತಲೆಮಾರಿನ ಬಾಯಿಗಳು ಕಾಪಾಡಿರಬೇಕು? ಅಷ್ಟೂ ದಾರಿ ಆ ಒಂದು ಪ್ರಶ್ನೆಯೊಳಗೆ ಇತ್ತು. ನಾನು ಕಿಂಡಿಗೆ ಕಲ್ಲು ಮುಚ್ಚಿದೆ. ಶಿಷ್ಯನು ಆಚಾರ್ಯನನ್ನು ಗೌರವಿಸತಕ್ಕದ್ದು ಎಂದು ಬ್ರಹ್ಮಗಿರಿಯ ಬಂಡೆಯ ಮೇಲೂ ಬರೆದಿದೆ, ಆದರೆ ಅದಕ್ಕೆ ತುಸು ಮೊದಲೇ ಸತ್ಯವನ್ನು ನುಡಿಯತಕ್ಕದ್ದು ಎಂದೂ ಬರೆದಿದೆ.

ಪ್ರಶ್ನೆ ಕೇಳುವುದೆಂದರೆ ಅಗೌರವ, ವಿಮರ್ಶೆ ಎಂದರೆ ತಪ್ಪು ಹುಡುಕುವುದು ಎಂಬ ಭಾವನೆ ನಮ್ಮ ಸ್ಟಾಫ್‌ರೂಮುಗಳಲ್ಲಿ ಗಟ್ಟಿಯಾಗಿದೆ. ಟೀಕೆ ಎಂಬ ಪದಕ್ಕೆ ಆದ ಗತಿಯನ್ನೇ ನೋಡಿ. ಕಷ್ಟದ ಪದ್ಯಕ್ಕೆ ಪದಪದ ಬಿಡಿಸಿ ಬರೆಯುವ ವಿವರಣೆಗೆ ಹಿಂದಿನವರು ಟೀಕೆ ಎನ್ನುತ್ತಿದ್ದರು. ಈಗ ಬೈಗುಳಕ್ಕೆ ಆ ಹೆಸರು. ಗಮಕಿಯೊಬ್ಬರು ಪದ್ಯ ಹಾಡಿ ನಿಲ್ಲಿಸಿದಾಗ ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಒಂದೊಂದು ಪದವನ್ನೂ ತೆರೆದು ತೋರಿಸುವ, ನಡುವೆ ಊರಿನ ಹಿರಿಯರೊಬ್ಬರು ‘ಕರ್ಣ ಹಾಗೇಕೆ ಅಂದ ಸ್ವಾಮಿ?’ ಎಂದು ಕೇಳುವ ಸಭೆಗಳನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ನಿಧಾನವಾಗಿ ಓದುವುದು ಹೊರಗಿನಿಂದ ತರಬೇಕಾದ ಸರಕಲ್ಲ.

ಇನ್ನು ನಮ್ಮ ಮಕ್ಕಳಿಗೆ ಅಕ್ಷರ ಕೂಡಿಸಿ ಓದಲೇ ಬರುವುದಿಲ್ಲ, ವಿಮರ್ಶೆಯ ಮಾತೆಲ್ಲಿಂದ ಬಂತು ಎಂಬ ಆಕ್ಷೇಪ. ಇದು ಹುರುಳಿರುವ ಆಕ್ಷೇಪ. ಎಂಟನೆಯ ತರಗತಿಗೆ ಬಂದರೂ ಒತ್ತಕ್ಷರದಲ್ಲಿ ಎಡವುವ ಮಕ್ಕಳಿಗೆ ನಾನೂ ಪಾಠ ಮಾಡಿದ್ದೇನೆ. ಆದರೆ ಮೊದಲು ಅಕ್ಷರ, ಆಮೇಲೆ ಅರ್ಥ, ಅದಾದ ಮೇಲೆ ಪ್ರಶ್ನೆ ಎಂದು ಮೆಟ್ಟಿಲು ಕಟ್ಟುತ್ತಾ ಹೋದರೆ ಆ ಮಕ್ಕಳು ಕೊನೆಯ ಮೆಟ್ಟಿಲಿಗೆ ಎಂದೂ ಬರುವುದಿಲ್ಲ. ಒಮ್ಮೆ ಮಕ್ಕಳಿಗೆ ಅವರವರ ಮನೆಯ ಪಹಣಿಯ ಪ್ರತಿ ತರಲು ಹೇಳಿದೆ. ತಡವರಿಸಿ ಓದುತ್ತಿದ್ದ ಒಬ್ಬ ಹುಡುಗ ಒಂಬತ್ತನೆಯ ಕಾಲಮ್ಮಿನಲ್ಲಿ ತೀರಿಹೋದ ತನ್ನ ತಾತನ ಹೆಸರೇ ಇರುವುದನ್ನೂ, ಹನ್ನೊಂದನೆಯ ಕಾಲಮ್ಮಿನಲ್ಲಿ ಸಾಲದ ಬಾಬ್ತು ನಮೂದಾಗಿರುವುದನ್ನೂ ಎಲ್ಲರಿಗಿಂತ ಮೊದಲು ಪತ್ತೆಹಚ್ಚಿದ. ‘ತಾತನ ಹೆಸರಲ್ಲಿರೋ ಹೊಲದ ಮೇಲೆ ಅಪ್ಪಂಗೆ ಸಾಲ ಹೆಂಗೆ ಕೊಟ್ರು ಸಾರ್?’ ಎಂದು ಅವನು ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಗ್ರಾಮ ಲೆಕ್ಕಾಧಿಕಾರಿಯನ್ನು ಕೇಳಿಕೊಂಡು ಬರಲು ಕಳಿಸಿದೆ. ಆ ಒಂದು ಹಾಳೆಯನ್ನು ಅವನು ಎಷ್ಟು ಸಲ ಓದಿದನೋ, ತಿಂಗಳೊಳಗೆ ಅವನ ಓದಿನ ತಡವರಿಕೆಯೇ ಕಡಿಮೆಯಾಗಿತ್ತು.

ಮೊಬೈಲಿಗೆ ಬರುವ ಸಂದೇಶಗಳೂ ಒಳ್ಳೆಯ ಪಠ್ಯವೇ. ‘ನಾಳೆಯಿಂದ ಹಳೆಯ ರೇಷನ್ ಕಾರ್ಡ್ ರದ್ದು, ಕೂಡಲೇ ಎಲ್ಲರಿಗೂ ಹಂಚಿ’ ಎಂಬ ಸಂದೇಶವೊಂದನ್ನು ಕರಿಹಲಗೆಯ ಮೇಲೆ ಬರೆದು, ಇದರಲ್ಲಿ ಏನಿಲ್ಲ ಹೇಳಿ ಎಂದೆ. ತಾರೀಖಿಲ್ಲ, ಆದೇಶದ ಸಂಖ್ಯೆಯಿಲ್ಲ, ಹೇಳಿದವರ ಹೆಸರಿಲ್ಲ ಎಂದು ಒಬ್ಬೊಬ್ಬರಾಗಿ ಹೇಳುತ್ತಾ ಹೋದರು. ಕೊನೆಗೆ ಒಬ್ಬಳು, ‘ಇದು ಬಾಗಿಲ ಮೇಲೆ ನಾಳೆ ಬಾ ಅಂತ ಬರೆದ ಹಾಗೆ ಸಾರ್, ಯಾವತ್ತು ಓದಿದ್ರೂ ನಾಳೆನೇ’ ಎಂದಾಗ ತರಗತಿ ಗೊಳ್ಳೆಂದಿತು. ಸುಳ್ಳು ಸುದ್ದಿಯ ಬಗ್ಗೆ ಒಂದು ಗಂಟೆ ಭಾಷಣ ಮಾಡಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ಫಲಿತಾಂಶದ ಮಾತು ಎತ್ತದೆ ಈ ಪತ್ರ ಮುಗಿಯುವಂತಿಲ್ಲ. 2023ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಜಿಲ್ಲೆ ಶೇ 96.80ರಷ್ಟು ಫಲಿತಾಂಶ ಪಡೆದು ರಾಜ್ಯಕ್ಕೆ ಮೊದಲನೆಯದಾಯಿತು, ಸಿಹಿ ಹಂಚಿದೆವು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ಕಾವಲು, ಬಂದಿತು, ಇಡೀ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಜಿಲ್ಲೆಯ ಸ್ಥಾನವೂ ಕೆಳಗೆ ಸರಿಯಿತು. ಸಭೆ ಕರೆದು ನೋಟೀಸು ಹಂಚಿದೆವು. ಯಾರ ಮೇಲೂ ಗೂಬೆ ಕೂರಿಸಲು ಇದನ್ನು ಹೇಳುತ್ತಿಲ್ಲ. ಒಂದೇ ವರ್ಷದ ಅಂತರದಲ್ಲಿ ಜಿಲ್ಲೆಯ ಮಕ್ಕಳ ಬುದ್ಧಿ ಅಷ್ಟು ಏರಿಳಿಯಲಾರದು, ಆದ್ದರಿಂದ ಆ ಅಂಕಿಗಳು ಮಕ್ಕಳ ಓದಿನ ಶಕ್ತಿಯನ್ನು ಬಿಟ್ಟು ಬೇರೇನನ್ನೋ ಅಳೆಯುತ್ತಿವೆ ಎಂಬುದಷ್ಟೇ ನನ್ನ ಅನುಮಾನ. ಅಂಕಿಯನ್ನೂ ಬೆರಳಿಟ್ಟು ಓದಬೇಕಾಗುತ್ತದೆ.

ಹಾಗೆಂದು ಪಾಸಿಂಗ್ ಪ್ಯಾಕೇಜನ್ನು, ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಆ ಕಟ್ಟನ್ನು, ಬೆಂಕಿಗೆ ಹಾಕಿ ಎಂದು ನಾನು ಕೇಳುವುದಿಲ್ಲ. ಅದನ್ನು ಉರು ಹೊಡೆದು ಪಾಸಾಗಿ, ಹದಿನಾರಕ್ಕೇ ಗೊತ್ತಾಗಿದ್ದ ಮದುವೆಯನ್ನು ತಪ್ಪಿಸಿಕೊಂಡು ಪಿಯುಸಿಗೆ ಸೇರಿದ ಹುಡುಗಿಯರನ್ನು ನಾನು ಕಂಡಿದ್ದೇನೆ. ಅವರ ಎದುರು ನಿಂತು ಕಂಠಪಾಠದ ಕೆಡುಕನ್ನು ಬೋಧಿಸುವ ಮನಸ್ಸಿಲ್ಲ. ಹತ್ತನೆಯ ತರಗತಿಯ ಕೊನೆಯ ಮೂರು ತಿಂಗಳಿಗೆ ಅದು ಇರಲಿ. ಅದನ್ನು ಎಂಟಕ್ಕೂ ಒಂಬತ್ತಕ್ಕೂ ಇಳಿಸಿರುವುದು ಮಾತ್ರ ಅನ್ಯಾಯ. ಬೋರ್ಡು ಪರೀಕ್ಷೆಯ ಭಯವಿಲ್ಲದ ಆ ಎರಡು ವರ್ಷಗಳಲ್ಲಿ ವಾರಕ್ಕೊಂದು ಪಿರಿಯಡ್ಡನ್ನು ಪಠ್ಯಪುಸ್ತಕವೂ ಗೈಡೂ ಇಲ್ಲದ ಒಂದೇ ಪುಟದ ಓದಿಗೆ ಬಿಟ್ಟುಕೊಡಿ: ಒಂದು ಶಾಸನ, ಒಂದು ಪಹಣಿ, ಬೆಳೆವಿಮೆಯ ಕರಪತ್ರ, ಒಂದೇ ಘಟನೆಯನ್ನು ಬರೆದ ಎರಡು ಪತ್ರಿಕೆಗಳ ಸುದ್ದಿ. ಮುಂಗಾರು ಬೆಳೆಗೆ ರೈತನ ಪಾಲಿನ ವಿಮಾ ಕಂತು ಶೇ 2 ಎಂದು ಆ ಕರಪತ್ರದಲ್ಲಿರುತ್ತದೆ; ಯಾವ ಮೊತ್ತದ ಶೇ 2 ಎಂದು ಮಕ್ಕಳು ಹುಡುಕಲಿ.

ಆ ತರಗತಿಗಳಿಗೆ ಜಿಲ್ಲೆಯ ಮಟ್ಟದಲ್ಲಿ ಪ್ರಶ್ನೆಪತ್ರಿಕೆ ತಯಾರಾಗುವಾಗ ‘ಇದು ನಿನಗೆ ಯಾವ ಮಾತಿನಿಂದ ತಿಳಿಯಿತು?’ ಎಂಬ ಒಂದಾದರೂ ಪ್ರಶ್ನೆ ಇರಲಿ. ಅದಕ್ಕಿಂತ ಮುಖ್ಯವಾಗಿ, ಅದರ ಮಾದರಿ ಉತ್ತರದಲ್ಲಿ ‘ಪಠ್ಯದಿಂದ ಆಧಾರ ತೋರಿಸಿದ ಯಾವುದೇ ಉತ್ತರಕ್ಕೆ ಅಂಕ ನೀಡುವುದು’ ಎಂಬ ಸಾಲು ಇರಲಿ. ಆ ಸಾಲು ಇಲ್ಲದಿದ್ದರೆ ಪ್ರಶ್ನೆ ಇದ್ದೂ ವ್ಯರ್ಥ, ಏಕೆಂದರೆ ಎರಡನೆಯ ವರ್ಷಕ್ಕೆ ಅದರ ಉತ್ತರವೂ ಗೈಡಿನಲ್ಲಿ ಅಚ್ಚಾಗುತ್ತದೆ, ಹಾಸಿಗೆಯ ಹುಡುಗನಿಗೆ ಮತ್ತೆ ಅರ್ಧ ಅಂಕವೇ ಗತಿಯಾಗುತ್ತದೆ. ಕೀ ಉತ್ತರವನ್ನು ಮೀರಿ ಅಂಕ ಕೊಟ್ಟರೆ ಮೇಲಿನವರು ಏನೆಂದಾರು ಎಂಬ ಹೆದರಿಕೆ ಮೇಷ್ಟ್ರುಗಳಿಗೆ ಇದೆ. ಅದನ್ನು ತೆಗೆಯಬಲ್ಲವರು ನೀವು ಮಾತ್ರ.

ಶಿಕ್ಷಕರ ತರಬೇತಿಗಳಲ್ಲಿ ಒಂದು ದಿನ ಪರದೆ ಬಿಚ್ಚದೆ, ನಮಗೇ ಒಂದು ಪುಟ ಕೊಟ್ಟು ಬೆಳಗಿನಿಂದ ಸಂಜೆಯವರೆಗೆ ಓದಿಸಿ. ನಾವೇ ಹಾಗೆ ಓದಿ ಎಷ್ಟೋ ವರ್ಷವಾಗಿದೆ. ಕರೆದರೆ ನಾನೂ ಬರುತ್ತೇನೆ, ಆರೂ ತಾಲ್ಲೂಕುಗಳಿಗೆ, ಬಸ್‌ಚಾರ್ಜೂ ಬೇಡ. ಬ್ರಹ್ಮಗಿರಿಯ ಹಾಳೆಯ ಪ್ರತಿಗಳು ಮನೆಯಲ್ಲಿ ಇನ್ನೂ ಒಂದು ಕಟ್ಟು ಇವೆ.

ಜಾಮೀನು ನಿಂತ ಹುಡುಗನ ವಿಷಯ ಅರ್ಧಕ್ಕೆ ಬಿಟ್ಟೆ. ಅವನು ಬಂದ ದಿನ ಸಂಜೆ ನಾವಿಬ್ಬರೂ ಜಗುಲಿಯಲ್ಲಿ ಕೂತು ಆ ಪತ್ರವನ್ನು ಮೊದಲ ಪುಟದಿಂದ ಓದಿದೆವು, ‘ಜಾಮೀನುದಾರ’ ಎಂದು ಬಂದ ಕಡೆಯಲ್ಲೆಲ್ಲ ಅವನ ಹೆಸರನ್ನೇ ಹಾಕಿ ಗಟ್ಟಿಯಾಗಿ ಓದಬೇಕೆಂದು ನನ್ನ ಷರತ್ತು. ಎರಡನೆಯ ಪುಟಕ್ಕೆ ಅವನ ದನಿ ನಡುಗಿತು. ನಾಲ್ಕನೆಯ ಪುಟದ ನಡುವೆ ತಾನಾಗಿಯೇ ನಿಂತು, ‘ಸಾರ್, ಇಲ್ಲಿ ನೋಡಿ’ ಎಂದು ಬೆರಳಿಟ್ಟ: ವಾಹನವನ್ನು ವಶಕ್ಕೆ ಪಡೆದಲ್ಲಿ ಮಾರಾಟದಿಂದ ಬಂದ ಮೊತ್ತವನ್ನು ಸಾಲದ ಬಾಕಿಗೆ ಜಮಾ ಮಾಡತಕ್ಕದ್ದು. ಟ್ರ್ಯಾಕ್ಟರನ್ನು ಅವರು ಎಂಟು ತಿಂಗಳ ಹಿಂದೆಯೇ ಎಳೆದುಕೊಂಡು ಹೋಗಿದ್ದರು. ನೋಟೀಸಿನಲ್ಲಿ ಆ ಜಮಾದ ಸುದ್ದಿಯೇ ಇರಲಿಲ್ಲ. ಮರುದಿನ ಅವನು ಎರಡೂ ಕಾಗದ ಹಿಡಿದುಕೊಂಡು ದುರ್ಗದ ವಕೀಲರೊಬ್ಬರ ಬಳಿ ಹೋದ. ಉತ್ತರ ಇನ್ನೂ ಬಂದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ